ಸಮರನೌಕೆಯ ತಪಾಸಣೆ: ಪ್ರಮಾಣಪತ್ರಕ್ಕೂ ಸನ್ನದ್ಧತೆಗೂ ನಡುವಿನ ಅಂತರ

ಬ್ಯಾಂಕಿನ ಅಧಿಕಾರಿಗಳು ಗುರುವಾರ ದಾಸ್ತಾನು ಪರಿಶೀಲನೆಗೆ ಬರುತ್ತಾರೆಂಬ ಸುದ್ದಿ ಸೋಮವಾರವೇ ಮುಟ್ಟಿದರೆ ಯಾವ ಗೋದಾಮು ತಾನೇ ಅಚ್ಚುಕಟ್ಟಾಗಿ ಕಾಣುವುದಿಲ್ಲ? ಚೀಲಗಳು ಸಾಲಾಗಿ ಅಟ್ಟಿಯಾಗುತ್ತವೆ. ತಿಂಗಳುಗಟ್ಟಲೆ ಬರೆಯದೆ ಬಿಟ್ಟಿದ್ದ ದಾಸ್ತಾನು ಪುಸ್ತಕ ಒಂದೇ ರಾತ್ರಿಯಲ್ಲಿ, ಒಂದೇ ಪೆನ್ನಿನಲ್ಲಿ ಭರ್ತಿಯಾಗುತ್ತದೆ. ಗೋಡೆಯ ಮೇಲಿನ ಅಗ್ನಿಶಾಮಕ ಸಿಲಿಂಡರಿಗೆ ಹೊಸ ದಿನಾಂಕದ ಚೀಟಿ ಅಂಟುತ್ತದೆ. ಬಂದ ಅಧಿಕಾರಿ ಎಲ್ಲವನ್ನೂ ನೋಡಿ ಸಹಿ ಹಾಕುತ್ತಾರೆ. ಆ ಸಹಿ ಸುಳ್ಳೆಂದು ಹೇಳಲಾಗದು. ಆದರೆ ಅದು ಗುರುವಾರದ ಸ್ಥಿತಿಗೆ ಮಾತ್ರ ಸಾಕ್ಷಿ. ಹಿಂದಿನ ಬುಧವಾರ ಗೋದಾಮು ಹೇಗಿತ್ತು, ಮುಂದಿನ ಶುಕ್ರವಾರ ಹೇಗಿರುತ್ತದೆ ಎಂಬುದಕ್ಕೆ ಅದು ಸಾಕ್ಷಿಯಾಗಲಾರದು.

ಲೆಕ್ಕಪರಿಶೋಧನೆಯ ವೃತ್ತಿಯಲ್ಲಿರುವವರಿಗೆ ಇದು ಹೊಸ ವಿಷಯವಲ್ಲ. ಆದರೆ ಸಾವಿರಾರು ಕೋಟಿ ರೂಪಾಯಿ ಬೆಲೆಬಾಳುವ, ನೂರಾರು ಜೀವಗಳನ್ನು ಹೊತ್ತು ಸಾಗುವ ಸಮರನೌಕೆಗಳ ತಪಾಸಣೆಯಲ್ಲೂ ಇದೇ ದೌರ್ಬಲ್ಯ ಬೇರೂರಬಲ್ಲದೆಂಬುದು, ಮತ್ತು ಅದರ ಪರಿಣಾಮ ರಾಜ್ಯದ ಸಣ್ಣ ಉದ್ದಿಮೆಗಳ ಬಾಗಿಲಿಗೂ ಬಂದು ನಿಂತಿದೆಯೆಂಬುದು ವಾಣಿಜ್ಯ ವಲಯದಲ್ಲಿ ಸಾಕಷ್ಟು ಚರ್ಚೆಯಾಗಿಲ್ಲ. ಈ ವಿಷಯದಲ್ಲಿ ಹೆಚ್ಚಿನ ದಾಖಲೆಗಳು ಬಹಿರಂಗವಾಗಿ ದೊರೆಯುವುದು ಅಮೆರಿಕದ ನೌಕಾಪಡೆಯದ್ದಾದುದರಿಂದ ಅಲ್ಲಿಂದಲೇ ಆರಂಭಿಸುವುದು ಸೂಕ್ತ.

ಅಮೆರಿಕದಲ್ಲಿ ಯುದ್ಧನೌಕೆಗಳ ಯಂತ್ರೋಪಕರಣಗಳನ್ನು ಪರೀಕ್ಷಿಸಲೆಂದೇ ಒಂದು ಪ್ರತ್ಯೇಕ ಮಂಡಳಿಯಿದೆ. ‘ಇನ್‌ಸರ್ವ್’ ಎಂಬ ಸಂಕ್ಷಿಪ್ತ ಹೆಸರಿನ ಈ ಪರಿವೀಕ್ಷಣಾ ಮಂಡಳಿ 1868ರಷ್ಟು ಹಿಂದೆ ಹುಟ್ಟಿದ್ದು, 1882ರಲ್ಲಿ ಶಾಸನದ ಬಲ ಪಡೆಯಿತು. ಸಾಧ್ಯವಾದಷ್ಟರ ಮಟ್ಟಿಗೆ ಪ್ರತಿಯೊಂದು ನೌಕೆಯೂ ಮೂರು ವರ್ಷಗಳಿಗೊಮ್ಮೆ ಪರೀಕ್ಷೆಗೊಳಗಾಗಬೇಕೆಂಬುದು ಕಾನೂನಿನ ಆಶಯ. ಪರೀಕ್ಷಕರು ಹಡಗನ್ನೇರಿ ಕಡತ ತಿರುವಿಹಾಕಿ ಹೊರಡುವವರಲ್ಲ. ಹಡಗನ್ನು ಸಮುದ್ರಕ್ಕೆ ಒಯ್ದು ಎಂಜಿನ್‌ಗಳನ್ನು ಪೂರ್ಣ ವೇಗದಲ್ಲಿ ಓಡಿಸುತ್ತಾರೆ, ಲಂಗರನ್ನು ನಿಜವಾಗಿಯೇ ಇಳಿಸಿ ಎತ್ತಿಸುತ್ತಾರೆ, ಚುಕ್ಕಾಣಿಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ ನೋಡುತ್ತಾರೆ. ಭೌತಿಕ ಪರಿಶೀಲನೆ ಎಂಬ ಪದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಹುಡುಕುವುದು ಕಷ್ಟ.

ಇಂಥ ಮಂಡಳಿಯ ವರದಿಗಳು ಬಹುಕಾಲ ಸಾರ್ವಜನಿಕರಿಗೂ ಲಭ್ಯವಿದ್ದವು. 2008ರಲ್ಲಿ ‘ಚೋಸಿನ್’ ಎಂಬ ಕ್ರೂಸರ್ ಮತ್ತು ‘ಸ್ಟೌಟ್’ ಎಂಬ ವಿಧ್ವಂಸಕ ನೌಕೆಗಳು ಯುದ್ಧ ಕಾರ್ಯಾಚರಣೆಗೆ ಯೋಗ್ಯವಲ್ಲವೆಂದು ಮಂಡಳಿ ವರದಿ ನೀಡಿತು. ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು. ಆಗ ಕೈಗೊಂಡ ಕ್ರಮಗಳಲ್ಲಿ ಒಂದು, ವರದಿಗಳನ್ನೇ ಗೌಪ್ಯ ದಾಖಲೆಗಳ ಪಟ್ಟಿಗೆ ಸೇರಿಸಿದ್ದು! ಶತ್ರುವಿಗೆ ಸ್ವಂತ ದೌರ್ಬಲ್ಯ ತಿಳಿಯಬಾರದೆಂಬ ಸಮರ್ಥನೆಯಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಪ್ರತಿಕೂಲ ಷರಾ ಬರೆದ ವರದಿಯನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಿದ ಮಾತ್ರಕ್ಕೆ ಷೇರುದಾರನ ನಷ್ಟ ಕಡಿಮೆಯಾಗುವುದಿಲ್ಲ. ಇಲ್ಲಿ ಷೇರುದಾರ ತೆರಿಗೆದಾರ.

ಹತ್ತು ವರ್ಷಗಳೊಳಗೆ ಅದರ ಬೆಲೆ ಏನೆಂಬುದು ಗೊತ್ತಾಯಿತು. 2017ರ ಜೂನ್ 17ರಂದು ಜಪಾನ್ ಕರಾವಳಿಯಲ್ಲಿ ‘ಫಿಟ್ಜ್‌ಜೆರಾಲ್ಡ್’ ನೌಕೆ ಸರಕು ಹಡಗಿಗೆ ಡಿಕ್ಕಿಯಾಗಿ 7 ಮಂದಿ ನಾವಿಕರು ಸತ್ತರು. ಆಗಸ್ಟ್ 21ರಂದು ಸಿಂಗಪುರದ ಬಳಿ ‘ಜಾನ್ ಎಸ್. ಮೆಕೇನ್’ ನೌಕೆ ತೈಲವಾಹಕಕ್ಕೆ ಡಿಕ್ಕಿಯಾಗಿ 10 ಮಂದಿ ಸತ್ತರು. ಅಮೆರಿಕದ ಸಂಸತ್ತಿಗೆ ವರದಿ ಮಾಡುವ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ ಅದೇ ವರ್ಷ ಬಹಿರಂಗಪಡಿಸಿದ ಒಂದು ಅಂಕಿಯನ್ನು ಯಾವ ಲೆಕ್ಕಪರಿಶೋಧಕನೂ ಮರೆಯಲಾರ. ಜಪಾನಿನಲ್ಲಿ ನೆಲೆಸಿದ್ದ ಕ್ರೂಸರ್ ಮತ್ತು ವಿಧ್ವಂಸಕ ನೌಕೆಗಳ ಸಿಬ್ಬಂದಿಯ ಯುದ್ಧ ಸಾಮರ್ಥ್ಯದ ಪ್ರಮಾಣಪತ್ರಗಳಲ್ಲಿ ಶೇಕಡಾ 37ರಷ್ಟು 2017ರ ಜೂನ್ ವೇಳೆಗೆ ಅವಧಿ ಮೀರಿದ್ದವು. ಹಾಗೆ ಮೀರಿದವುಗಳಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚಿನವು ಐದು ತಿಂಗಳು ಅಥವಾ ಅದಕ್ಕೂ ಹಿಂದೆಯೇ ಕೊನೆಗೊಂಡಿದ್ದವು. ಹಡಗುಗಳು ಮಾತ್ರ ಓಡುತ್ತಲೇ ಇದ್ದವು. ಕೆಲಸ ಹೆಚ್ಚು, ಹಡಗು ಕಡಿಮೆ, ಆದುದರಿಂದ ತಾತ್ಕಾಲಿಕ ವಿನಾಯಿತಿ. ಆ ವಿನಾಯಿತಿ ಮುಗಿಯುವಷ್ಟರಲ್ಲಿ ಮತ್ತೊಂದು. ಪರವಾನಗಿ ನವೀಕರಣಕ್ಕೆ ಅರ್ಜಿ ಕೊಟ್ಟ ಸ್ವೀಕೃತಿಯನ್ನೇ ಪರವಾನಗಿಯೆಂದು ತೋರಿಸಿ ವರ್ಷ ತಳ್ಳುವ ಕಾರ್ಖಾನೆಗಳನ್ನು ಕಂಡವರಿಗೆ ಈ ಕ್ರಮ ಅಪರಿಚಿತವೇನಲ್ಲ.

ಈ ದುರಂತಗಳ ಬಳಿಕ 2018ರಲ್ಲಿ ಅಂಗೀಕಾರವಾದ ರಕ್ಷಣಾ ಕಾಯ್ದೆಯಲ್ಲಿ ಅಮೆರಿಕದ ಸಂಸತ್ತು ಎರಡು ವಿಷಯಗಳನ್ನು ಸ್ಪಷ್ಟವಾಗಿ ಬರೆಯಿತು. 2020ರ ಜನವರಿಯಿಂದ ಇನ್‌ಸರ್ವ್ ತಪಾಸಣೆ ಅತ್ಯಲ್ಪ ಮುನ್ಸೂಚನೆಯೊಂದಿಗೆ ನಡೆಯಬೇಕು. ಮಂಡಳಿಯ ವಾರ್ಷಿಕ ವರದಿ ಗೌಪ್ಯವಲ್ಲದ ರೂಪದಲ್ಲಿ ಸಾರ್ವಜನಿಕರಿಗೆ ದೊರೆಯಬೇಕು. ಯಾವ ಹಡಗು ಎಂಬುದನ್ನು ಹೇಳದೆಯೂ ಒಟ್ಟು ನೌಕಾಬಲದ ಆರೋಗ್ಯವನ್ನು ಸರಾಸರಿ ಅಂಕಗಳಲ್ಲಿ ಹೇಳಬಹುದು. ಎಂಜಿನ್ ವಿಭಾಗ ಸುಧಾರಿಸಿತೆ, ಶಸ್ತ್ರಾಸ್ತ್ರ ವಿಭಾಗ ಕುಸಿಯಿತೆ ಎಂಬುದು ಸಂಸದನಿಗೂ ತೆರಿಗೆದಾರನಿಗೂ ತಿಳಿದರೆ ಸಾಕು. ಯಾವ ಹಡಗಿನ ಯಾವ ಪಂಪು ಕೆಟ್ಟಿದೆಯೆಂಬುದು ಯಾರಿಗೂ ಬೇಕಿಲ್ಲ. ಗೌಪ್ಯತೆ ಮತ್ತು ಹೊಣೆಗಾರಿಕೆ ಒಂದೇ ಕಡತದಲ್ಲಿ ಇರಲಾರವೆಂಬ ವಾದಕ್ಕೆ ಈ ಏರ್ಪಾಡು ತಕ್ಕ ಉತ್ತರ.

ಆದರೂ ಮಂಡಳಿಯ ತಪಾಸಣೆಯಿಂದ ಎಲ್ಲವೂ ಸರಿಹೋಗುತ್ತದೆಂದು ಭಾವಿಸಿದರೆ ತಪ್ಪಾದೀತು. 2020ರ ಜುಲೈ 12ರಂದು ಸ್ಯಾನ್ ಡಿಯಾಗೋ ಬಂದರಿನಲ್ಲಿ ದುರಸ್ತಿಗೆಂದು ನಿಂತಿದ್ದ ‘ಬಾನ್‌ಹೋಮ್ ರಿಚರ್ಡ್’ ಎಂಬ ಬೃಹತ್ ನೌಕೆಗೆ ಬೆಂಕಿ ಬಿದ್ದು ನಾಲ್ಕು ದಿನಗಳಿಗೂ ಹೆಚ್ಚು ಕಾಲ ಉರಿಯಿತು. ಬೆಂಕಿ ಹಚ್ಚಿದ ಆರೋಪ ಹೊತ್ತಿದ್ದ ನಾವಿಕನೊಬ್ಬ 2022ರಲ್ಲಿ ಖುಲಾಸೆಯಾದ. ಕಿಡಿ ಎಲ್ಲಿಂದ ಬಂತೆಂಬುದಕ್ಕಿಂತ ಅದನ್ನು ಆರಿಸುವ ಏರ್ಪಾಡು ಏನಾಗಿತ್ತೆಂಬುದು ಇಲ್ಲಿ ಮುಖ್ಯ. ನೌಕಾಪಡೆಯೇ ನಡೆಸಿದ ತನಿಖೆಯ ಪ್ರಕಾರ ಹಡಗಿನ ಅಗ್ನಿಶಾಮಕ ಕೇಂದ್ರಗಳಲ್ಲಿ ಶೇಕಡಾ 87ರಷ್ಟು ನಿಗದಿತ ನಿರ್ವಹಣೆಯ ಪಟ್ಟಿಯಿಂದ ಹೊರಗಿದ್ದವು. ಬೆಂಕಿಯ ಮೂಲಕ್ಕೆ ನಿಗದಿತ ಸಮಯದಲ್ಲಿ ನೊರೆದ್ರಾವಣ ಹಾಯಿಸುವ ಅಣಕು ಕಾರ್ಯಾಚರಣೆಯಲ್ಲಿ ಸಿಬ್ಬಂದಿ ಸತತವಾಗಿ 14 ಬಾರಿ ವಿಫಲರಾಗಿದ್ದರು. ಹದಿನಾಲ್ಕು ಬಾರಿಯೂ ಅದು ದಾಖಲಾಯಿತು. ದಾಖಲಾದದ್ದನ್ನು ಓದಿ ಕೆಲಸ ನಿಲ್ಲಿಸುವ ಅಧಿಕಾರವುಳ್ಳ ಒಬ್ಬರೂ ಎದ್ದು ನಿಲ್ಲಲಿಲ್ಲ. ಆಂತರಿಕ ಲೆಕ್ಕಪರಿಶೋಧನಾ ವರದಿಯನ್ನು ಆಡಳಿತ ಮಂಡಳಿಯ ಸಭೆಯಲ್ಲಿ ‘ಓದಿದಂತೆ ಭಾವಿಸಲಾಯಿತು’ ಎಂದು ಬರೆಯುವ ಪದ್ಧತಿಯೇ ಇಲ್ಲಿಯೂ ಕಾಣುತ್ತದೆ. ಮೊದಲಿನ ಸ್ಥಿತಿಗೆ ತರಲು 300 ಕೋಟಿ ಡಾಲರ್‌ನಷ್ಟು ವೆಚ್ಚವಾದೀತೆಂಬ ಅಂದಾಜು ಬಂದುದರಿಂದ 2021ರಲ್ಲಿ ಆ ನೌಕೆಯನ್ನು ಸೇವೆಯಿಂದ ಕೈಬಿಡಲಾಯಿತು. ಗುಜರಿಗೆ ಮಾರಿದಾಗ ಬಂದದ್ದು 36.6 ಲಕ್ಷ ಡಾಲರ್. ಸವಕಳಿಯ ಲೆಕ್ಕ ಬರೆದು ಬರೆದು ಕೈ ಸವೆದವರೂ ಇಂಥ ಒಂದು ನಮೂದನ್ನು ಕಂಡಿರಲಾರರು.

ಯಂತ್ರಗಳ ಮಾತು ಇಷ್ಟಾಯಿತು. ವಿದ್ಯುನ್ಮಾನ ಭದ್ರತೆಯ ತಪಾಸಣೆ ಇದಕ್ಕಿಂತ ಕಠಿಣ. ಎಂಜಿನ್ ಕೆಟ್ಟರೆ ಸದ್ದು ಬರುತ್ತದೆ, ತೈಲ ಸೋರಿದರೆ ಕಾಲಿಗೆ ಹತ್ತುತ್ತದೆ. ಮಾಹಿತಿ ಸೋರಿದರೆ ಸದ್ದೂ ಇಲ್ಲ, ಕಲೆಯೂ ಇಲ್ಲ. 2023ರಲ್ಲಿ ಅಮೆರಿಕದ ‘ಮ್ಯಾಂಚೆಸ್ಟರ್’ ಯುದ್ಧನೌಕೆಯಲ್ಲಿ ನಡೆದ ಪ್ರಸಂಗವನ್ನು ಕಟ್ಟುಕಥೆಯೆಂದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಹಡಗಿನ ಅತ್ಯಂತ ಹಿರಿಯ ನಾನ್-ಕಮಿಷನ್ಡ್ ಅಧಿಕಾರಿಯೇ ಮುಂದಾಗಿ ಸ್ಟಾರ್‌ಲಿಂಕ್ ಉಪಗ್ರಹ ಅಂತರ್ಜಾಲದ ತಟ್ಟೆಯೊಂದನ್ನು ತರಿಸಿ ಹಡಗಿನ ಮೇಲ್ಭಾಗದಲ್ಲಿ ಗುಟ್ಟಾಗಿ ಕೂರಿಸಿದರು. ಹನ್ನೆರಡಕ್ಕೂ ಹೆಚ್ಚು ಮಂದಿ ಹಿರಿಯ ನಾವಿಕರು ಅದನ್ನು ತಿಂಗಳುಗಟ್ಟಲೆ ಬಳಸಿದರು. ವೈ-ಫೈ ಜಾಲದ ಹೆಸರು ಕಂಡು ಕೆಳಗಿನ ನಾವಿಕರಲ್ಲಿ ಗುಸುಗುಸು ಹುಟ್ಟಿದಾಗ, ಮುದ್ರಣಯಂತ್ರದ ಹೆಸರೆಂದು ತೋರುವಂತೆ ಅದನ್ನು ಬದಲಿಸಲಾಯಿತು. ಮೇಲಧಿಕಾರಿ ಕೇಳಿದರೆ ಅಂಥದ್ದೇನೂ ಇಲ್ಲವೆಂಬ ಉತ್ತರ ಬಂತು. ಕೊನೆಗೆ ಅದನ್ನು ಪತ್ತೆಹಚ್ಚಿದ್ದು ಯಾವ ಭದ್ರತಾ ತಪಾಸಣೆಯೂ ಅಲ್ಲ; ಆಗಸ್ಟ್‌ನಲ್ಲಿ ಅಧಿಕೃತ ಉಪಕರಣವೊಂದನ್ನು ಜೋಡಿಸಲು ಮೇಲೇರಿದ ನಾಗರಿಕ ಕೆಲಸಗಾರ! ಹಡಗಿನಿಂದ ಹೊರಡುವ ಅನಧಿಕೃತ ರೇಡಿಯೋ ತರಂಗವೊಂದೇ ಶತ್ರುವಿಗೆ ಅದರ ಇರುವನ್ನು ಸೂಚಿಸಬಲ್ಲದು. ಅದನ್ನು ಕಾಯಬೇಕಾದವರೇ ಅದನ್ನು ಕೂರಿಸಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಅಮೆರಿಕದ ರಕ್ಷಣಾ ಇಲಾಖೆಯ ಗಣಕಜಾಲಗಳ ಹಳೆಯ ತಪಾಸಣೆ ಬಹುಮಟ್ಟಿಗೆ ನಿಯಮಪಾಲನೆಯ ಪಟ್ಟಿಗೆ ಗುರುತು ಹಾಕುವಂಥದ್ದಾಗಿತ್ತು. ಪಾಸ್‌ವರ್ಡ್ ಬದಲಾಗಿದೆಯೆ, ತಂತ್ರಾಂಶ ನವೀಕರಣವಾಗಿದೆಯೆ, ನೋಂದಣಿ ಪುಸ್ತಕವಿದೆಯೆ? ಎಲ್ಲದಕ್ಕೂ ಹೌದೆಂಬ ಗುರುತು ಬಿದ್ದರೆ ತೇರ್ಗಡೆ. 2024ರ ಮಾರ್ಚ್‌ನಲ್ಲಿ ಆ ಪದ್ಧತಿಯನ್ನು ಕೈಬಿಟ್ಟು ಅಪಾಯದ ತೂಕ ನೋಡುವ ಹೊಸ ಮೌಲ್ಯಮಾಪನವನ್ನು ಜಾರಿಗೆ ತರಲಾಯಿತು. ಪಟ್ಟಿಯಲ್ಲಿಲ್ಲದ ತಟ್ಟೆಯನ್ನು ಪಟ್ಟಿ ಹಿಡಿದು ಹುಡುಕಲಾಗದೆಂಬುದು ತಡವಾಗಿಯಾದರೂ ಅರ್ಥವಾಯಿತೆನ್ನಬೇಕು.

ಭಾರತದತ್ತ ತಿರುಗಿದರೆ ಚಿತ್ರ ಇದಕ್ಕಿಂತ ತೀರ ಭಿನ್ನವಾಗಿಲ್ಲ. 2013ರ ಆಗಸ್ಟ್ 14ರಂದು ಮುಂಬಯಿಯಲ್ಲಿ ‘ಸಿಂಧುರಕ್ಷಕ’ ಜಲಾಂತರ್ಗಾಮಿ ಸ್ಫೋಟಗೊಂಡು 18 ಮಂದಿ ಸತ್ತರು. 2014ರ ಫೆಬ್ರವರಿಯಲ್ಲಿ ‘ಸಿಂಧುರತ್ನ’ದಲ್ಲಿ ಇಬ್ಬರು ಅಧಿಕಾರಿಗಳು ಮಡಿದಾಗ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಡಿ.ಕೆ. ಜೋಶಿ ನೈತಿಕ ಹೊಣೆ ಹೊತ್ತು ರಾಜೀನಾಮೆಯಿತ್ತರು. ಅಧಿಕಾರಕ್ಕೆ ಅಂಟಿಕೊಳ್ಳುವುದೇ ರೂಢಿಯಾದ ದಿನಗಳಲ್ಲಿ ಅದು ಗೌರವಾರ್ಹ ನಡೆ. 2017ರಲ್ಲಿ ಸಂಸತ್ತಿಗೆ ಸಲ್ಲಿಕೆಯಾದ ಸಿಎಜಿ ವರದಿ 2007-08ರಿಂದ 2015-16ರವರೆಗಿನ 38 ಅಪಘಾತಗಳನ್ನೂ ಅವುಗಳಲ್ಲಿ ಸತ್ತ 33 ಮಂದಿಯನ್ನೂ ಲೆಕ್ಕಕ್ಕೆ ತಂದಿತು. ಸುರಕ್ಷತೆಗೆಂದೇ ಪ್ರತ್ಯೇಕ ಸಾಂಸ್ಥಿಕ ವ್ಯವಸ್ಥೆ ನೌಕಾಪಡೆಯಲ್ಲಿ ರೂಪುಗೊಂಡದ್ದು 2014ರಲ್ಲಿ. ಅದಕ್ಕೂ 2016ರ ನವೆಂಬರ್‌ವರೆಗೆ ಸರ್ಕಾರದ ಮಂಜೂರಾತಿ ದೊರೆತಿರಲಿಲ್ಲವೆಂದು ಅದೇ ವರದಿ ಹೇಳಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಇಲ್ಲಿ ಬಾಗಿಲು ಬಂದರೂ ಅಗುಳಿಗೆ ಮಂಜೂರಾತಿ ಬರಬೇಕಾಗಿತ್ತು. 2024ರ ಜುಲೈ 21ರಂದು ಮುಂಬಯಿಯ ನೌಕಾ ದುರಸ್ತಿ ಕಟ್ಟೆಯಲ್ಲಿ ‘ಬ್ರಹ್ಮಪುತ್ರ’ ಯುದ್ಧನೌಕೆಗೆ ಬೆಂಕಿ ತಗುಲಿ, ಹಡಗು ಒಂದು ಮಗ್ಗುಲಿಗೆ ವಾಲಿ, ನಾವಿಕನೊಬ್ಬ ಪ್ರಾಣ ಕಳೆದುಕೊಂಡ. ದುರಸ್ತಿಗೆ ನಿಂತ ಹಡಗು ಕಡಲಲ್ಲಿರುವ ಹಡಗಿಗಿಂತ ಸುರಕ್ಷಿತವೆಂಬ ಭಾವನೆಯನ್ನು ಸ್ಯಾನ್ ಡಿಯಾಗೋ ಮತ್ತು ಮುಂಬಯಿ ಎರಡೂ ಸುಳ್ಳು ಮಾಡಿದವು.

ಕರ್ನಾಟಕಕ್ಕೆ ಇದು ದೂರದ ಸಂಗತಿಯಲ್ಲ. ಕಾರವಾರದ ಕದಂಬ ನೌಕಾನೆಲೆ 2005ರಲ್ಲಿ ಕಾರ್ಯಾರಂಭ ಮಾಡಿತು. 2019ರ ಏಪ್ರಿಲ್ 26ರಂದು ‘ವಿಕ್ರಮಾದಿತ್ಯ’ ವಿಮಾನವಾಹಕ ನೌಕೆ ಅದೇ ಬಂದರನ್ನು ಪ್ರವೇಶಿಸುತ್ತಿದ್ದಾಗ ಬೆಂಕಿ ಕಾಣಿಸಿ, ಅದನ್ನು ನಂದಿಸಲು ಹೋದ ಅಧಿಕಾರಿಯೊಬ್ಬರು ಅಸುನೀಗಿದರು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ನೌಕಾಪಡೆಗೆ ರೇಡಾರ್, ಸೋನಾರ್ ಮತ್ತು ವಿದ್ಯುನ್ಮಾನ ಸಮರ ಸಾಧನಗಳನ್ನು ಪೂರೈಸುತ್ತದೆ. ಇಂಥ ದೊಡ್ಡ ಸಂಸ್ಥೆಗಳ ಹಿಂದೆ ತಗಡು ಕತ್ತರಿಸುವ, ಕೇಬಲ್ ಜೋಡಿಸುವ, ಸರ್ಕ್ಯೂಟ್ ಫಲಕ ಬೆಸುಗೆ ಹಾಕುವ ಸಣ್ಣ ಘಟಕಗಳ ದೊಡ್ಡ ಸಾಲೇ ಇದೆ. ಹಡಗಿನ ಸನ್ನದ್ಧತೆ ಎಂಬುದು ಹಡಗಿನಲ್ಲಿ ಆರಂಭವಾಗುವುದಿಲ್ಲ. ಇಪ್ಪತ್ತು ಜನ ಕೆಲಸ ಮಾಡುವ ಒಂದು ಶೆಡ್ಡಿನಲ್ಲಿ ಆರಂಭವಾಗುತ್ತದೆ.

ಸೋರಿಕೆಯೂ ಅಲ್ಲಿಂದಲೇ ಆರಂಭವಾಗಬಹುದು. 2012ರಲ್ಲಿ ವಿಶಾಖಪಟ್ಟಣದ ಪೂರ್ವ ನೌಕಾ ಕಮಾಂಡ್‌ನಲ್ಲಿ ಅಂತರ್ಜಾಲದ ಸಂಪರ್ಕವೇ ಇಲ್ಲದ ಗಣಕಯಂತ್ರಗಳಿಗೆ ಪೆನ್‌ಡ್ರೈವ್ ಮೂಲಕ ಕುತಂತ್ರಾಂಶ ನುಸುಳಿದ್ದು ವರದಿಯಾಯಿತು. 2016ರ ಆಗಸ್ಟ್‌ನಲ್ಲಿ ಭಾರತದ ಸ್ಕಾರ್ಪಿನ್ ಜಲಾಂತರ್ಗಾಮಿಗಳ ಕುರಿತ 22,000ಕ್ಕೂ ಹೆಚ್ಚು ಪುಟಗಳ ಮಾಹಿತಿ ಸೋರಿದೆಯೆಂದು ಆಸ್ಟ್ರೇಲಿಯದ ಪತ್ರಿಕೆಯೊಂದು ಪ್ರಕಟಿಸಿದಾಗ, ಸೋರಿಕೆಯ ಮೂಲ ಹೊರದೇಶದಲ್ಲಿರುವಂತೆ ಕಾಣುತ್ತದೆಂದು ನೌಕಾಪಡೆ ಹೇಳಿತು. ತಯಾರಕರ ಮನೆಯ ಕಡತವಾದರೇನು, ಮುಳುಗುವುದು ಭಾರತದ ಜಲಾಂತರ್ಗಾಮಿಯ ಗುಟ್ಟು. ಕಾರವಾರ ನೆಲೆಯ ಮಾಹಿತಿಯನ್ನು ಹೊರಗೆ ನೀಡಿದ ಆರೋಪದ ಮೇಲೆ ರಾಷ್ಟ್ರೀಯ ತನಿಖಾ ಸಂಸ್ಥೆ 2025ರ ಫೆಬ್ರವರಿಯಲ್ಲಿ ಉತ್ತರ ಕನ್ನಡ ಜಿಲ್ಲೆಯಲ್ಲಿ ಇಬ್ಬರನ್ನು ಬಂಧಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಉಡುಪಿ ಪೊಲೀಸರು ಹಡಗು ನಿರ್ಮಾಣಕ್ಕೆ ಸಂಬಂಧಿಸಿದ ಮಾಹಿತಿ ಸೋರಿಕೆಯ ಆರೋಪದಲ್ಲಿ ಉಪಗುತ್ತಿಗೆ ಸಂಸ್ಥೆಯ ಕೆಲಸಗಾರರಿಬ್ಬರನ್ನು ಬಂಧಿಸಿದರು. ಆರೋಪ ಸಾಬೀತಾಗುವುದು ನ್ಯಾಯಾಲಯದ ಕೆಲಸ. ಆದರೆ ಗುತ್ತಿಗೆದಾರನು ಕಳುಹಿಸುವ ಕೆಲಸಗಾರನ ಹಿನ್ನೆಲೆ, ಅವನ ಕಿಸೆಯ ಮೊಬೈಲು, ಅವನಿಗೆ ಕಾಣಸಿಗುವ ಹಾಳೆ ಇವು ಗುತ್ತಿಗೆದಾರನ ಜವಾಬ್ದಾರಿಯೆಂಬುದಕ್ಕೆ ತೀರ್ಪಿನವರೆಗೆ ಕಾಯಬೇಕಾಗಿಲ್ಲ.

ಈಗ ಹಣದ ಮಾತು. ಅಮೆರಿಕದ ರಕ್ಷಣಾ ಇಲಾಖೆ ತನ್ನ ಪೂರೈಕೆದಾರರಿಗೆ ಸೈಬರ್ ಸುರಕ್ಷತೆಯ ಪ್ರಮಾಣೀಕರಣವನ್ನು 2025ರ ನವೆಂಬರ್ 10ರಿಂದ ಹಂತಹಂತವಾಗಿ ಗುತ್ತಿಗೆಯ ಷರತ್ತಾಗಿ ಮಾಡಿದೆ. ಷರತ್ತು ಮುಖ್ಯ ಗುತ್ತಿಗೆದಾರನಿಂದ ಉಪಗುತ್ತಿಗೆದಾರನಿಗೂ ಇಳಿಯುತ್ತದೆ; ಅಮೆರಿಕದ ರಕ್ಷಣಾ ಕಂಪನಿಗಳಿಗೆ ಬಿಡಿಭಾಗ ಕಳುಹಿಸುವ ಬೆಂಗಳೂರು ಅಥವಾ ಬೆಳಗಾವಿಯ ಘಟಕಕ್ಕೂ, ಅದು ಸಂಬಂಧಿತ ಮಾಹಿತಿಯನ್ನು ಕೈಯಲ್ಲಿಟ್ಟುಕೊಂಡರೆ, ಇದು ತಟ್ಟಬಹುದು. ಎರಡನೆಯ ಹಂತದ ಪ್ರಮಾಣೀಕರಣಕ್ಕೆ 110 ಷರತ್ತುಗಳಿವೆ. ಅಂಕ ನೀಡುವ ಕ್ರಮ ಸ್ವಾರಸ್ಯಕರ: 110ರಿಂದ ಆರಂಭಿಸಿ ಪ್ರತಿ ಲೋಪಕ್ಕೂ ಕಳೆಯುತ್ತ ಹೋದರೆ ಅಂಕ ಸೊನ್ನೆಗೂ ಕೆಳಗಿಳಿದು ಋಣ 203ರವರೆಗೆ ಮುಟ್ಟಬಹುದು. ಮ್ಯಾಸಚೂಸೆಟ್ಸ್‌ನ ರಕ್ಷಣಾ ಗುತ್ತಿಗೆ ಸಂಸ್ಥೆಯೊಂದು 2021ರಲ್ಲಿ ತನಗೆ ತಾನೇ 104 ಅಂಕ ಕೊಟ್ಟುಕೊಂಡಿತ್ತು. ಮರುವರ್ಷ ಅದೇ ಸಂಸ್ಥೆ ನೇಮಿಸಿಕೊಂಡ ಹೊರಗಿನ ಪರಿಶೀಲಕರು ಕೊಟ್ಟ ಅಂಕ ಋಣ 142. ಸರ್ಕಾರಕ್ಕೆ ಅದನ್ನು ತಿಳಿಸಲು ಸಂಸ್ಥೆ ತಡಮಾಡಿತು. 2025ರಲ್ಲಿ 46 ಲಕ್ಷ ಡಾಲರ್ ತೆತ್ತು ವ್ಯಾಜ್ಯ ಮುಗಿಸಬೇಕಾಯಿತು. ತನ್ನ ಲೆಕ್ಕವನ್ನು ತಾನೇ ಪರಿಶೋಧಿಸಿ ತಾನೇ ಪ್ರಮಾಣೀಕರಿಸುವವನಿಗೆ ಯಾವ ನಾಡಿನಲ್ಲೂ ಸಲ್ಲುವ ಫಲ ಇದೇ.

ಭಾರತದೊಳಗೂ ನಿಯಮಗಳಿಲ್ಲವೆಂದಲ್ಲ. ಸೈಬರ್ ಘಟನೆಗಳನ್ನು 6 ಗಂಟೆಗಳೊಳಗೆ ವರದಿ ಮಾಡಬೇಕು, ಗಣಕ ವ್ಯವಸ್ಥೆಯ ದಾಖಲೆಗಳನ್ನು 180 ದಿನ ಕಾದಿರಿಸಬೇಕು ಎಂದು ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲೇ ನಿರ್ದೇಶನ ಹೊರಡಿಸಿತು. ಸಣ್ಣ ಘಟಕಗಳ ಕಚೇರಿಗಳಲ್ಲಿ ಇದನ್ನು ಕೇಳಿದರೆ ಬಹುಪಾಲು ಮಂದಿ ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ವಾರಕ್ಕೊಮ್ಮೆ ಬರುತ್ತಾನೆ, ಟ್ಯಾಲಿಯ ಬ್ಯಾಕಪ್ ಮತ್ತು ನೌಕಾ ಉಪಕರಣದ ನಕ್ಷೆ ಒಂದೇ ಪೆನ್‌ಡ್ರೈವಿನಲ್ಲಿ ಪಯಣಿಸುತ್ತವೆ, ಆ ಪೆನ್‌ಡ್ರೈವ್ ಜೆರಾಕ್ಸ್ ಅಂಗಡಿಗೂ ಹೋಗಿ ಬರುತ್ತದೆ.

ಇದಕ್ಕೆ ಉದ್ಯಮಿಯನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ. ಪೂರೈಸಿದ ಸರಕಿನ ಹಣ ತಿಂಗಳುಗಟ್ಟಲೆ ಬಾಕಿ ಉಳಿಯುವಾಗ, ಅತಿ ಕಡಿಮೆ ದರ ನಮೂದಿಸಿದವರಿಗೇ ಗುತ್ತಿಗೆ ಸಲ್ಲುವಾಗ, ಭದ್ರತೆಗೆ ಖರ್ಚು ಮಾಡಿದವನು ಟೆಂಡರಿನಲ್ಲಿ ಸೋಲುತ್ತಾನೆ. ರಕ್ಷಣಾ ಖರೀದಿದಾರರು ಭದ್ರತಾ ವೆಚ್ಚವನ್ನು ದರಪಟ್ಟಿಯಲ್ಲಿ ಪ್ರತ್ಯೇಕ ಬಾಬ್ತಾಗಿ ಒಪ್ಪಿಕೊಳ್ಳದ ಹೊರತು ತಪಾಸಣೆಯ ಪಟ್ಟಿಗಳು ಉದ್ದವಾಗುತ್ತ ಹೋಗುತ್ತವೆ, ಹೌದೆಂಬ ಗುರುತುಗಳೂ ಬೀಳುತ್ತ ಹೋಗುತ್ತವೆ. ನೌಕಾಪಡೆಯ ತಪಾಸಣಾ ವರದಿಗಳ ಸಾರಾಂಶವನ್ನಾದರೂ, ಹಡಗುಗಳ ಹೆಸರಿಲ್ಲದೆ, ವರ್ಷಕ್ಕೊಮ್ಮೆ ಸಂಸತ್ತಿನ ಮುಂದಿಡುವ ಪದ್ಧತಿಯನ್ನು ಭಾರತ ಸರ್ಕಾರವೂ ಪರಿಶೀಲಿಸಬೇಕು. ಎಲ್ಲಿ ದೌರ್ಬಲ್ಯವಿದೆಯೆಂದು ತಿಳಿದರೆ ಪೂರೈಕೆದಾರನೂ ಅಲ್ಲಿ ಬಂಡವಾಳ ಹೂಡುತ್ತಾನೆ.

ಅಷ್ಟರೊಳಗೆ ವಾಣಿಜ್ಯ ಸಂಸ್ಥೆಗಳೇ ಮಾಡಬಹುದಾದ ಕೆಲಸವೊಂದಿದೆ. ಒಂಟಿ ಘಟಕವೊಂದು ನುರಿತ ಭದ್ರತಾ ಪರಿಶೀಲಕನನ್ನು ನೇಮಿಸಿಕೊಳ್ಳುವ ಶಕ್ತಿ ಹೊಂದಿರುವುದಿಲ್ಲ; ಪೀಣ್ಯದಲ್ಲೋ ಬೆಳಗಾವಿಯಲ್ಲೋ ಹದಿನೈದಿಪ್ಪತ್ತು ಘಟಕಗಳು ಕೂಡಿ ವೆಚ್ಚ ಹಂಚಿಕೊಂಡರೆ ಒಬ್ಬನನ್ನು ವರ್ಷವಿಡೀ ಇಟ್ಟುಕೊಳ್ಳಬಹುದು. ಆತ ಯಾವ ದಿನ ಯಾವ ಘಟಕಕ್ಕೆ ಹೋಗುತ್ತಾನೆಂಬುದು ಸದಸ್ಯರಾರಿಗೂ ಮೊದಲೇ ತಿಳಿಯಬಾರದು. ವರದಿ ಮಾಲೀಕನ ಕೈಗೆ ನೇರವಾಗಿ ತಲುಪಬೇಕು. ಮೂರು ತಿಂಗಳ ಬಳಿಕ ಅದೇ ಲೋಪ ಮತ್ತೆ ಕಂಡರೆ ಸಮಿತಿಯ ಮುಂದೆ ಬರಬೇಕು. ಘಟಕಗಳ ಪಟ್ಟಿ ಮಾಡುವ ಕೆಲಸಕ್ಕೆ ಯಾವ ಮಂಜೂರಾತಿಯೂ ಬೇಕಿಲ್ಲ. ಮುಂದಿನ ಕಾರ್ಯಕಾರಿ ಸಮಿತಿಯ ಕಾರ್ಯಸೂಚಿಯಲ್ಲಿ ಒಂದು ಸಾಲು ಸೇರಿದರೆ ಸಾಕು.